ಸಿಕ್ಲಿಡ್ ತೊಟ್ಟಿಗೆ ಜೊತೆಗಾರರನ್ನು ಆರಿಸುವ ಮುನ್ನ

"ಸರ್, ಇಷ್ಟು ದಿನ ಎಲ್ಲವೂ ಚೆನ್ನಾಗಿಯೇ ಇದ್ದವು, ಈಗ ಒಂದೇ ಮೀನು ಉಳಿದವನ್ನೆಲ್ಲ ಮೂಲೆಗೆ ಅಟ್ಟಿಬಿಟ್ಟಿದೆ" ಎಂಬ ದೂರು ನನ್ನ ಬಳಿ ಬರುವುದು ಸಾಮಾನ್ಯವಾಗಿ ಮೀನು ಕೊಂಡ ನಾಲ್ಕೈದು ತಿಂಗಳ ಮೇಲೆ. ಹರಿದ ರೆಕ್ಕೆಗಳನ್ನು ಕಂಡು ರೋಗವೆಂದು ಬಗೆದು, ಅಷ್ಟರೊಳಗೆ ಎರಡು ಸುತ್ತು ಔಷಧವನ್ನೂ ಹಾಕಿ ಮುಗಿಸಿರುತ್ತಾರೆ. ನಡೆದಿರುವುದು ಇಷ್ಟೇ: ಅಂಗಡಿಯಲ್ಲಿ ಕೊಂಡಾಗ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಮರಿಗಳಾಗಿದ್ದ ಮೀನುಗಳು ಈಗ ಪ್ರಾಯಕ್ಕೆ ಬಂದಿವೆ, ತಮ್ಮದೆಂದು ಒಂದು ಜಾಗವನ್ನು ಗುರುತಿಸಿಕೊಂಡಿವೆ.

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ, 1,600ಕ್ಕೂ ಹೆಚ್ಚು ಪ್ರಭೇದಗಳ ಕುಟುಂಬದ ಹೆಸರು. ಏಂಜಲ್, ಡಿಸ್ಕಸ್, ಆಸ್ಕರ್‌ಗಳು ದಕ್ಷಿಣ ಅಮೆರಿಕದವು. ಹಳದಿ, ನೀಲಿ ಬಣ್ಣಗಳಲ್ಲಿ ಹೊಳೆಯುವ, 'ಆಫ್ರಿಕನ್' ಎಂದು ಮಾರುವ ಮೀನುಗಳಲ್ಲಿ ಹೆಚ್ಚಿನವು ಮಲಾವಿ ಸರೋವರದವು. ಆದ್ದರಿಂದ ನಾನು ಮೊದಲು ವಿಚಾರಿಸುವುದು ಸ್ವಭಾವವನ್ನಲ್ಲ, ನೀರನ್ನು. ಡಿಸ್ಕಸ್‌ಗೆ ಮೆದುವಾದ, ತುಸು ಆಮ್ಲೀಯವಾದ, 28ರಿಂದ 30 ಡಿಗ್ರಿ ಬೆಚ್ಚಗಿನ ನೀರು ಬೇಕು. ಮಲಾವಿ ಸರೋವರದ ನೀರಿನ ಪಿಎಚ್ ಸುಮಾರು 7.8ರಿಂದ 8.6, ಎಂದರೆ ಅದು ಕ್ಷಾರೀಯ. ಇವೆರಡನ್ನು ಒಂದೇ ತೊಟ್ಟಿಯಲ್ಲಿ ಇಟ್ಟರೆ, ಜಗಳವೇ ಆಗದಿದ್ದರೂ ಒಂದಲ್ಲ ಒಂದು ನಿಧಾನವಾಗಿ ಸೊರಗುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರನ್ನೇ ನೆಚ್ಚಿದ ಎಷ್ಟೋ ಮನೆಗಳ ಗಡಸು ನೀರು ಮಲಾವಿ ಮೀನುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಅದೇ ಮನೆಯವರು ಡಿಸ್ಕಸ್‌ಗಾಗಿ ಆರ್‌ಓ ನೀರನ್ನು ಬಿಂದಿಗೆಗಟ್ಟಲೆ ಹೊರುವುದನ್ನು ನೋಡಿದಾಗ, ನೀರನ್ನು ಪರೀಕ್ಷಿಸಿ ಆಮೇಲೆ ಮೀನು ಆರಿಸಬಾರದಿತ್ತೇ ಎನಿಸುತ್ತದೆ.

ನೀರು ಹೊಂದಿದ ಬಳಿಕ ಬಾಯಿಯ ಅಳತೆ. ಏಂಜಲ್ ನೋಡಲು ಸಾಧು, ಆದರೆ ಅದು ಬೇಟೆಗಾರ ಮೀನು. ಮೂರು ಸೆಂಟಿಮೀಟರ್ ದಾಟಿದರೆ ಹೆಚ್ಚೆನ್ನಬಹುದಾದ ನಿಯಾನ್ ಟೆಟ್ರಾ ಬೆಳೆದ ಏಂಜಲ್‌ಗೆ ಒಂದು ತುತ್ತು. ನಿಯಾನ್‌ಗಿಂತ ದೊಡ್ಡದಾಗಿ ಬೆಳೆಯುವ ರಮ್ಮಿನೋಸ್ ಟೆಟ್ರಾ, ತಳದಲ್ಲಿ ಓಡಾಡುವ ಕೋರಿಡೋರಸ್, ಪುಟ್ಟ ಜಾತಿಯ ಬ್ರಿಸಲ್‌ನೋಸ್ ಪ್ಲೆಕೋ ಇವುಗಳೊಂದಿಗೆ ಏಂಜಲ್ ಚೆನ್ನಾಗಿ ಬಾಳುತ್ತದೆ. ಟೈಗರ್ ಬಾರ್ಬ್ ಬೇಡ, ಅದು ಏಂಜಲ್‌ನ ಉದ್ದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಏಂಜಲ್‌ಗೆ ಒಗ್ಗಿದ ಕೋರಿಡೋರಸ್ ಆಸ್ಕರ್‌ಗೆ ಮಾತ್ರ ಒಗ್ಗದು: ನುಂಗಹೋದ ಆಸ್ಕರ್‌ನ ಗಂಟಲಲ್ಲಿ ಅದು ತನ್ನ ಮುಳ್ಳುಗಳನ್ನು ಸೆಟೆದು ನಿಲ್ಲಿಸುತ್ತದೆ, ಎರಡೂ ಸಾಯಬಹುದು. ಇನ್ನು ಮಹಾ ಜಗಳಗಂಟ ಮಿಶ್ರತಳಿ ಸಿಕ್ಲಿಡ್ ಆದ ಫ್ಲವರ್‌ಹಾರ್ನ್‌ಗೆ ಜೊತೆ ಹುಡುಕುವವರಿಗೆ ನಾನು ಕೊಡುವ ಉತ್ತರ ಒಂದೇ, ಅದನ್ನು ಒಂಟಿಯಾಗಿ ಇಡಿ.

ಲೆಕ್ಕವೆಲ್ಲ ಬುಡಮೇಲಾಗುವುದು ಮೊಟ್ಟೆಯಿಡುವ ಕಾಲದಲ್ಲಿ, ಏಕೆಂದರೆ ಸಿಕ್ಲಿಡ್‌ಗಳು ಮೊಟ್ಟೆಯಿಟ್ಟು ಮರೆತುಬಿಡುವ ಮೀನುಗಳಲ್ಲ, ಮರಿಗಳನ್ನು ಕಾಯುವ ಮೀನುಗಳು. ಆರು ಏಂಜಲ್ ಮರಿಗಳನ್ನು ತಂದವರ ತೊಟ್ಟಿಯಲ್ಲಿ ಎಂಟು ಹತ್ತು ತಿಂಗಳಿಗೆ ಒಂದು ಜೋಡಿ ಕೂಡಿಕೊಂಡು ಅಗಲವಾದ ಎಲೆಯೊಂದನ್ನು ಒರೆಸಿ ಶುಚಿಗೊಳಿಸಲಾರಂಭಿಸಿತೆಂದರೆ, ಉಳಿದ ನಾಲ್ಕಕ್ಕೆ ಬೇರೆ ತೊಟ್ಟಿ ಅಂದೇ ಸಿದ್ಧವಿರಬೇಕು.

ಮಲಾವಿಯ ಬಂಡೆವಾಸಿಗಳಾದ ಎಂಬುನಾ ಮೀನುಗಳ ವಿಷಯದಲ್ಲಿ ನಮ್ಮ ಸಹಜಬುದ್ಧಿ ಕೈಕೊಡುತ್ತದೆ. ಜಗಳಗಂಟರಿದ್ದರೆ ಸಂಖ್ಯೆ ಕಡಿಮೆಯಿರಲಿ ಎನ್ನುತ್ತೇವೆ; ಆದರೆ ನಾಲ್ಕು ಅಡಿಯ ತೊಟ್ಟಿಯಲ್ಲಿ ನಾಲ್ಕೇ ಎಂಬುನಾ ಇದ್ದರೆ ಬಲಶಾಲಿಯಾದದ್ದು ಒಂದೊಂದನ್ನೇ ಹಿಡಿದು ಮುಗಿಸುತ್ತದೆ, ಹದಿನೈದು ಇದ್ದರೆ ಅದರ ಸಿಟ್ಟು ಹಂಚಿಹೋಗುತ್ತದೆ. ಇದು ನಡೆಯುವುದು ಫಿಲ್ಟರ್ ಬಲವಾಗಿದ್ದು, ಪ್ರತಿ ವಾರ ಮೂರನೇ ಒಂದು ಭಾಗ ನೀರು ಬದಲಿಸುವ ತಾಳ್ಮೆಯಿದ್ದಾಗ ಮಾತ್ರ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರಲಿ. ಒಂದೇ ಬಣ್ಣದ, ಒಂದೇ ಪಟ್ಟೆಯ ಎರಡು ಪ್ರಭೇದಗಳ ಗಂಡುಗಳು ಬೇಡ, ಅವು ಪರಸ್ಪರರನ್ನು ಸ್ವಂತ ಪ್ರಭೇದದ ಪ್ರತಿಸ್ಪರ್ಧಿಯೆಂದೇ ಎಣಿಸುತ್ತವೆ. ಹೊಸಬರನ್ನು ಬಿಡುವ ದಿನ ಕಲ್ಲುಗಳನ್ನೆಲ್ಲ ಎತ್ತಿ ಬೇರೆಡೆ ಜೋಡಿಸಿದರೆ ಹಳಬರ ಗಡಿಗಳೂ ಅಳಿದು, ಎಲ್ಲರೂ ಮೊದಲಿನಿಂದ ಜಾಗ ಹುಡುಕಬೇಕಾಗುತ್ತದೆ. ಊಟದ ಹೊಂದಾಣಿಕೆಯನ್ನು ಮರೆಯುವವರೇ ಹೆಚ್ಚು: ಎಂಬುನಾಗಳಲ್ಲಿ ಬಹುಪಾಲು ಬಂಡೆಯ ಪಾಚಿಯನ್ನು ಕೆರೆದು ತಿನ್ನುವವು, ಆಸ್ಕರ್ ಮಾಂಸಾಹಾರಿ. ಆಸ್ಕರ್‌ಗೆಂದು ಹಾಕಿದ ಮಾಂಸಾಹಾರವನ್ನು ದಿನವೂ ತಿಂದ ಎಂಬುನಾದ ಹೊಟ್ಟೆ ಉಬ್ಬಿ, ಅದು ಸತ್ತಾಗ ದೂರು ಮಾತ್ರ ಆಸ್ಕರ್‌ನ ಮೇಲೆ ಬಂದಿರುವುದನ್ನು ನಾನು ಕಂಡಿದ್ದೇನೆ.

ಹೊರದೇಶದ ಮೀನುಗಳನ್ನೇ ಕುರಿತು ಇಷ್ಟು ಬರೆದೆನಾದರೂ ಸಿಕ್ಲಿಡ್‌ಗಳು ನಮ್ಮಲ್ಲಿಯೂ ಇವೆ. ಕೇರಳದವರು ಕರಿಮೀನು ಎಂದು ಹುರಿದು ತಿನ್ನುವುದು ಸಿಕ್ಲಿಡ್ ಅನ್ನೇ; ದಕ್ಷಿಣ ಕನ್ನಡದ ನದಿಗಳಲ್ಲಿ ಅದರ ದಾಯಾದಿಯಾದ ಕೆನರಾ ಪರ್ಲ್‌ಸ್ಪಾಟ್ ಇದೆ. ಕರಿಮೀನಿನ ಹಿನ್ನೀರಿನಲ್ಲಿಯೇ ಇರುವ, ಅಂಗೈಗಿಂತ ಚಿಕ್ಕದಾದ ಆರೆಂಜ್ ಕ್ರೋಮೈಡ್‌ನ ಮರಿಗಳು ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕಿತ್ತು ತಿನ್ನುತ್ತವೆ, ದೊಡ್ಡ ಮೀನು ಅದಕ್ಕೆ ಒಡ್ಡಿಕೊಂಡು ನಿಲ್ಲುತ್ತದೆ. ಹಾಗೆಂದು ಅವೆರಡನ್ನೂ ಒಂದೇ ತೊಟ್ಟಿಗೆ ತರುವ ಮುನ್ನ ಇದನ್ನೂ ತಿಳಿದಿರಬೇಕು: ಕರಿಮೀನು ಮೊಟ್ಟೆಯಿಟ್ಟಾಗ ಅದನ್ನು ಕದ್ದು ತಿನ್ನಲು ಸುಳಿಯುವುದೂ ಅದೇ ಆರೆಂಜ್ ಕ್ರೋಮೈಡ್.