ಅವಧಿಪೂರ್ವ ಹೆರಿಗೆ: ತಾಯಿ ಕಾರ್ಡಿನ ಮೊದಲ ದಿನಾಂಕದ ಮಹತ್ವ

ಗರ್ಭಾವಸ್ಥೆಯ 37 ವಾರಗಳು ಪೂರ್ಣಗೊಳ್ಳುವ ಮೊದಲೇ ಜೀವಂತವಾಗಿ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರೆಂದೂ ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರೆಂದೂ ಅಂದಾಜಿದೆ. ವಿದ್ಯಾರ್ಥಿಗಳಾದ ನಮಗೆ ಪರೀಕ್ಷೆ ಬರೆಯಲು ಇಷ್ಟು ಸಾಕಾಗಬಹುದು. ಆದರೆ ಬೆಂಗಳೂರಿನಲ್ಲಿ ಓದಿ ಮಾಗಡಿ, ಕನಕಪುರದಂಥ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಲಿರುವ ನಾವು ಆ 37 ವಾರಗಳನ್ನು ಯಾವ ದಿನದಿಂದ ಎಣಿಸುತ್ತೇವೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು.

ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಆರಂಭವಾಗುತ್ತದೆ, ಗರ್ಭಿಣಿಯ ಆರೈಕೆಯ ದಾಖಲೆಯಾದ ತಾಯಿ ಕಾರ್ಡಿನಲ್ಲಿ ಬರೆಯುವ ದಿನಾಂಕ ಇದೇ; ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಹಳ್ಳಿಯಲ್ಲಿ ಅನೇಕ ಗರ್ಭಿಣಿಯರಿಗೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಗೋಡೆಯ ಪಂಚಾಂಗ ತೆಗೆದುಕೊಂಡು, ಶಿವರಾತ್ರಿಗೆ ಮುಂಚೆಯೋ ಆಮೇಲೋ, ಅಮಾವಾಸ್ಯೆಗೆ ಎಷ್ಟು ದಿನ ಇತ್ತು ಎಂದು ತಾಳ್ಮೆಯಿಂದ ಕೇಳಿದರೆ ದಿನ ಸಾಕಷ್ಟು ಹತ್ತಿರಕ್ಕೆ ಬರುತ್ತದೆ. ಮೊದಲ ಮಗುವಿಗೆ ಹಾಲೂಡಿಸುತ್ತಿರುವಾಗ, ಮುಟ್ಟು ಮರಳುವ ಮೊದಲೇ ಮತ್ತೆ ಬಸುರಾದವರಿಗೆ ಈ ಲೆಕ್ಕ ಅನ್ವಯಿಸದು. ಅವರಿಗೆ ಸ್ಕ್ಯಾನಿಂಗ್ ಅಗತ್ಯ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನಲ್ಲಿ ಗರ್ಭದ ವಯಸ್ಸಿನ ಅಂದಾಜು ತಪ್ಪುವುದು ಒಂದು ವಾರದೊಳಗಿದ್ದರೆ, ಕೊನೆಯ ತಿಂಗಳುಗಳಲ್ಲಿ ಅದು ಮೂರು ವಾರಗಳವರೆಗೂ ಹೋಗಬಹುದು. ಹನ್ನೆರಡು ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಒತ್ತಾಯಿಸುವುದಕ್ಕೆ ಇದೂ ಒಂದು ಬಲವಾದ ಕಾರಣ.

ಈ ದಿನಾಂಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೂ ಪಾಲ್ಗೊಂಡ ಎರಡು ಪ್ರಯೋಗಗಳನ್ನು ಒಟ್ಟಿಗೆ ಓದಬೇಕು. ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುತ್ತಾರೆ. ಬೆಳಗಾವಿ ಸೇರಿದಂತೆ ಆರು ದೇಶಗಳ ಗ್ರಾಮೀಣ ಮತ್ತು ಅರೆನಗರ ಪ್ರದೇಶಗಳಲ್ಲಿ ಇದರ ಬಳಕೆ ಹೆಚ್ಚಿಸಿ ನೋಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾದಾಗ, ತೀರಾ ಸಣ್ಣ ಶಿಶುಗಳ ಸಾವು ಇಳಿದಿರಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಮತ್ತು ತಾಯಂದಿರ ಸೋಂಕಿನ ಶಂಕೆ ಎರಡೂ ಹೆಚ್ಚಿದ್ದವು. ಅಲ್ಲಿ ದಿನ ಗೊತ್ತಿಲ್ಲದವರ ಗರ್ಭಕೋಶದ ಎತ್ತರವನ್ನು ಟೇಪಿನಿಂದ ಅಳೆದು ವಾರವನ್ನು ಅಂದಾಜಿಸಲಾಗಿತ್ತು, ಮತ್ತು ಮದ್ದು ಪಡೆದ ಹೆಚ್ಚಿನವರ ಮಕ್ಕಳು ಅಷ್ಟು ಸಣ್ಣವಾಗಿರಲಿಲ್ಲ. ಬೆಳಗಾವಿಯನ್ನೂ ಒಳಗೊಂಡು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕ್ಯಾನಿಂಗ್ ಆಧಾರದಿಂದ 26ರಿಂದ 34 ವಾರಗಳೊಳಗಿನ ಗರ್ಭವೆಂದು ಖಚಿತಪಡಿಸಿಕೊಂಡು ಅದೇ ಔಷಧ ಕೊಟ್ಟಾಗ ನವಜಾತ ಶಿಶುಗಳ ಸಾವು ಶೇ. 23.5ರಿಂದ ಶೇ. 19.6ಕ್ಕೆ ಇಳಿಯಿತು. ಎರಡನೆಯದರಲ್ಲಿ ಆಸ್ಪತ್ರೆಯ ಆರೈಕೆಯೂ ಉತ್ತಮವಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ವಾರದ ಖಚಿತತೆಯೇ ಇಲ್ಲಿನ ಮುಖ್ಯ ವ್ಯತ್ಯಾಸವೆಂದು ನನಗೆ ಅನ್ನಿಸುತ್ತದೆ. ನಮ್ಮ ದೇಶದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸನ್ನು ಕಿರಿಯ ಆರೋಗ್ಯ ಸಹಾಯಕಿಯೇ ಕೊಡಲು ಅವಕಾಶವಿರುವುದರಿಂದ, ಆಕೆ ನಂಬುವ ದಿನಾಂಕ ಸರಿಯಾಗಿರಲೇಬೇಕು.

ತೂಕವನ್ನು ನೋಡಿ ವಾರ ನಿರ್ಧರಿಸುವುದೂ ಸರಿಯಲ್ಲ, ಏಕೆಂದರೆ 2.5 ಕಿಲೋಗಿಂತ ಕಡಿಮೆ ತೂಕದ ಮಗು ದಿನ ತುಂಬಿಯೂ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿ ಹುಟ್ಟಿರಬಹುದು.

ತಡೆಗಟ್ಟುವಿಕೆಯ ವಿಷಯದಲ್ಲಿ ರಕ್ತದೊತ್ತಡ, ರಕ್ತಹೀನತೆ, ಮೂತ್ರದ ಸೋಂಕು, ಹೆರಿಗೆಗಳ ನಡುವಿನ ಕಡಿಮೆ ಅಂತರ, ಚಿಕ್ಕ ವಯಸ್ಸಿನ ಬಸಿರು ಇವೆಲ್ಲ ಪಠ್ಯದಲ್ಲಿವೆ. ಬೆಂಗಳೂರಿನಲ್ಲೇ 11,000 ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವನ್ನು ಅದಕ್ಕೆ ಸೇರಿಸಿಕೊಳ್ಳಿ: ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಅವಧಿಪೂರ್ವ ಜನನ ಶೇ. 11.4, 1,500 ಮಿಲಿಗ್ರಾಂ ಪಡೆದವರಲ್ಲಿ ಶೇ. 12.8 ಇದ್ದು, ಕಡಿಮೆ ಪ್ರಮಾಣ ಹಿಂದೆ ಬೀಳಲಿಲ್ಲ. ಮಾತ್ರೆಗಳ ಸಂಖ್ಯೆ ಕಂಡೇ ಬೇಸರಪಡುವ ತಾಯಂದಿರಿಗೆ ಇದು ನಿಜವಾದ ಸಮಾಧಾನ ತರಬಲ್ಲದು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದೆಂದು ಪ್ರತಿ ಭೇಟಿಯಲ್ಲೂ ಹೇಳಬೇಕು, ಏಕೆಂದರೆ ಕ್ಯಾಲ್ಸಿಯಂ ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತದೆ.

ಹುಟ್ಟಿದ ಮೇಲಿನ ಆರೈಕೆಯಲ್ಲಿ ಕಾಂಗರೂ ಆರೈಕೆ, ಅಂದರೆ ಮಗುವನ್ನು ಎದೆಯ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಂಡು ಎದೆಹಾಲನ್ನಷ್ಟೇ ಕೊಡುವುದು, ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸಬಹುದೆಂದು ತೋರಿಸಲಾಗಿದೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಹೊಗೆ ದಿನ ತುಂಬದ ಮಗುವಿನ ಶ್ವಾಸಕೋಶಕ್ಕೆ ಕೆಟ್ಟದ್ದು ಎಂದು ಗದರುವ ಬದಲು, ಬೆಚ್ಚಗಿಡಬೇಕೆಂಬ ಅಜ್ಜಿಯ ಕಾಳಜಿಯನ್ನು ಒಪ್ಪಿಕೊಂಡು, ತಾಯಿ ದಣಿದಾಗ ಮಗುವನ್ನು ಎದೆಗೊರಗಿಸಿಕೊಳ್ಳುವ ಕ್ರಮವನ್ನು ಅಜ್ಜಿಗೂ ಮಗುವಿನ ತಂದೆಗೂ ಕಲಿಸಿಕೊಡಬೇಕು.