ತ್ಸಾದಿಯ ತಲೆ ಎತ್ತ ತಿರುಗಬೇಕು?

ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿಯಲ್ಲಿ 3,04,805 ಹೀಬ್ರೂ ಅಕ್ಷರಗಳಿವೆ. ಒಂದು ಬಿಟ್ಟುಹೋದರೂ ಆ ಸುರುಳಿ ಓದಲು ಯೋಗ್ಯವಲ್ಲ. ಅದನ್ನು ಕೈಯಲ್ಲಿ ಬರೆಯುವವರಿಗೆ ಸೋಫೇರ್ ಎನ್ನುತ್ತಾರೆ. ಇಷ್ಟು ಕಟ್ಟುನಿಟ್ಟಿದ್ದ ಮೇಲೆ ಎಲ್ಲರೂ ಒಂದೇ ಥರ ಬರೆಯಬೇಕಿತ್ತು, ಅಲ್ವಾ? ಹಾಗಾಗಲಿಲ್ಲ.

ಅಕ್ಷರ ಹೇಗಿರಬೇಕು ಅಂತ ಯಹೂದಿ ಧರ್ಮಶಾಸ್ತ್ರದ ಹಳೆಯ ಚರ್ಚಾಗ್ರಂಥ ತಾಲ್ಮುದ್ ಅಲ್ಲಲ್ಲಿ ಹೇಳುತ್ತದೆ, ಪೂರ್ತಿ ಹೇಳುವುದಿಲ್ಲ. ಜಾಗರೂಕ ಲಿಪಿಕಾರರು ಹೇತ್ ಅಕ್ಷರದ ಮಾಡಿನ (ಮೇಲಿನ ಅಡ್ಡಗೆರೆಯ) ಮೇಲೆ ಒಂದು ಗೂನು ಇಡುತ್ತಿದ್ದರು ಅನ್ನುತ್ತದೆ. ಯಾವ ಗೂನು? ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಹೇಳಿದ್ದು, ಎಡ ತುದಿಯಲ್ಲಿ ಮೇಲೆದ್ದ ಸಣ್ಣ ಕಡ್ಡಿ. ಅವರ ಮೊಮ್ಮಗ ರಬ್ಬೇನು ತಾಮ್ ಒಪ್ಪಲಿಲ್ಲ. ಗೂನು ಅಂದರೆ ನಡುವಿನ ಉಬ್ಬು ಎಂದರು. ಅಶ್ಕೆನಾಝಿಗಳು (ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳು) ಮೊಮ್ಮಗನ ಮಾತು ಹಿಡಿದರು, ಕೆಲವರು ಅಜ್ಜನ ಕಡ್ಡಿಯನ್ನೂ ಬಿಡಲಿಲ್ಲ. ಸ್ಪೇನ್ ಮೂಲದ ಸೆಫಾರ್ದಿ ಯಹೂದಿಗಳ ಹೇತ್‌ಗೆ ನಡುವೆ ಉಬ್ಬಿಲ್ಲ, ಮಾಡು ಸಪಾಟು.

ದೊಡ್ಡ ಜಗಳ ತ್ಸಾದಿಯದು. ಬಾಗಿದ ನೂನ್ ಅಕ್ಷರದ ಬೆನ್ನಿಗೆ ಒಂದು ಪುಟ್ಟ ಯೋದ್ ಅಂಟಿಸಿದರೆ ತ್ಸಾದಿ. ಆ ಯೋದ್ ಎತ್ತ ನೋಡಬೇಕು? ಬೇತ್ ಯೋಸೇಫ್ ಶೈಲಿಯಲ್ಲಿ ಅದು ಮುಂದಕ್ಕೆ ಮುಖ ಮಾಡಿರುತ್ತದೆ. ಆರೀ ಶೈಲಿಯಲ್ಲಿ ಬೆನ್ನು ತಿರುಗಿಸುತ್ತದೆ. ಮೊದಲಿನದಕ್ಕೆ ಯೋಸೇಫ್ ಕಾರೋ ಅವರ ಗ್ರಂಥದ ಹೆಸರು, ಎರಡನೆಯದಕ್ಕೆ ಅನುಭಾವಿ ಇಸಾಕ್ ಲೂರಿಯಾ ಅವರ ಬಿರುದು. ತಮಾಷೆ ಅಂದರೆ, 16ನೇ ಶತಮಾನದಲ್ಲಿ ಇಬ್ಬರೂ ಸಫೇದ್ ಎಂಬ ಒಂದೇ ಊರಿನಲ್ಲಿದ್ದರು. ಅನುಭಾವದತ್ತ ಒಲಿದ ಹಸಿದಿ ಪಂಥದವರು ಲೂರಿಯಾ ದಾರಿ ಹಿಡಿದರು. ಸೆಫಾರ್ದಿಗಳ ವೇಲಿಷ್ ಶೈಲಿಯಲ್ಲೂ ಯೋದ್ ತಿರುಗಿಯೇ ಇರುತ್ತದೆ. 20ನೇ ಶತಮಾನದಲ್ಲಿ ಹಝೋನ್ ಈಶ್ ಎಂದೇ ಹೆಸರಾದ ರಬ್ಬಿ (ಯಹೂದಿ ಧರ್ಮಗುರು), ತಿರುಗಿದ ಯೋದ್ ಸಲ್ಲದು ಎಂದಾಗ ವಾದ ಮತ್ತೆ ಕಾವೇರಿತು.

ಸಾಮಾನು ಸರಂಜಾಮಿನಲ್ಲೂ ಭೇದವಿದೆ. ಅಶ್ಕೆನಾಝಿಗಳಿಗೆ ಹೆಬ್ಬಾತು ಅಥವಾ ಟರ್ಕಿ ಕೋಳಿಯ ಗರಿ, ಸೆಫಾರ್ದಿಗಳಲ್ಲಿ ಬಹಳ ಮಂದಿಗೆ ಜೊಂಡಿನ ಲೇಖನಿ. ಯೆಮೆನ್‌ನವರು ಗೆವಿಲ್ ಎಂಬ ಕಂದು ಬಣ್ಣದ ದಪ್ಪ ಚರ್ಮದ ಮೇಲೆ ಬರೆಯುತ್ತಿದ್ದರು. 1806ರಲ್ಲಿ ಕ್ಲಾಡಿಯಸ್ ಬುಕಾನನ್ ಮಲಬಾರಿನ ಯಹೂದಿಗಳಿಂದ ಪಡೆದು ಕೇಂಬ್ರಿಜ್‌ಗೆ ಸೇರಿಸಿದ ಸುರುಳಿಯ ಚರ್ಮಕ್ಕಂತೂ ಕೆಂಪು ಬಣ್ಣ ಹಾಕಿದೆ. ಮಸಿಗೆ ಮಾಚಿಕಾಯಿ, ಗೋಂದು, ಅನ್ನಭೇದಿ. ಈ ಅನ್ನಭೇದಿಯ ಬಗ್ಗೆ ತಾಲ್ಮುದ್ ಕಾಲದಲ್ಲೇ ಚರ್ಚೆಯಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಅಕ್ಷರವನ್ನು ಬರೆಯಬೇಕು, ಕೆತ್ತಬಾರದು. ಮಸಿ ಹರಡಿ ಮೇಮ್ ಅಕ್ಷರದ ಬಾಯಿ ಮುಚ್ಚಿಹೋಯಿತು ಅನ್ನಿ. ಅಡ್ಡ ಬಂದ ಮಸಿಯನ್ನು ಸುಮ್ನೆ ಕೆರೆದು ತೆಗೆದರೆ ನಡೆಯುವುದಿಲ್ಲ. ಅಕ್ಷರದ ರೂಪ ಕೆಡಿಸಿ, ಹೊಸದಾಗಿ ಎಳೆಯಬೇಕು. ದೇವರ ಹೆಸರಿನಲ್ಲಿ ತಪ್ಪಾದರೆ ಅಳಿಸಲೂ ಬಾರದು.

ಇಷ್ಟೆಲ್ಲ ಇದ್ದರೂ ಒಬ್ಬರ ಸುರುಳಿಯನ್ನು ಇನ್ನೊಬ್ಬರು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ಹೊಸದಾಗಿ ಬರೆಸುವಾಗ ಮಾತ್ರ ನಮ್ಮ ಶೈಲಿಯೇ ಬೇಕು ಎನ್ನುತ್ತಾರೆ. ಈಗ ಸ್ಕ್ಯಾನರ್ ಹಿಡಿದು, ಬಿಟ್ಟುಹೋದ ಅಕ್ಷರವನ್ನು ಕಂಪ್ಯೂಟರ್ ಹುಡುಕುತ್ತದೆ. ಒಂದು ಅಕ್ಷರದ ಆಕಾರದ ಬಗ್ಗೆಯೇ ಅನುಮಾನ ಬಂದರೆ? ತಾಲ್ಮುದ್‌ನಲ್ಲಿ ಬರುವ ರಾಮಿ ಬರ್ ತಮ್ರೆ ಎಂಬವರಿಗೆ ಹೀಗೇ ಆಗಿತ್ತು, ವಾವ್ ಅಕ್ಷರದ ಕಾಲನ್ನು ಚರ್ಮದ ತೂತು ತುಂಡರಿಸಿತ್ತು. ರಬ್ಬಿ ಝೇರಾ ಕೊಟ್ಟ ಪರಿಹಾರ: ಜಾಣನೂ ಅಲ್ಲದ, ಪೆದ್ದನೂ ಅಲ್ಲದ ಮಗುವನ್ನು ಕರೆದು ಓದಿಸಿ. ಸರಿಯಾಗಿ ಓದಿದರೆ ಅಕ್ಷರ ಸರಿ. ಇಂಥ ಅನುಮಾನ ಬಂದಾಗ ಇವತ್ತಿಗೂ ಮಗುವನ್ನೇ ಕರೆಯುತ್ತಾರೆ.