ನೋತ್ರದಾಮ್‌ನ ಆರು ಕಿಟಕಿಗಳಿಗೆ ಯಾಕೆ ಇಷ್ಟು ಜಗಳ?

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರದಾಮ್ ಚರ್ಚಿಗೆ ಬೆಂಕಿ ಬಿತ್ತು. ಮರದ ಚಾವಣಿ ಸುಟ್ಟುಹೋಯಿತು. ದಕ್ಷಿಣ ಬದಿಯ ಚಿಕ್ಕ ಪ್ರಾರ್ಥನಾ ಕೋಣೆಗಳ ಕಿಟಕಿಗಾಜು ಉಳಿಯಿತು. ಆದರೂ ಅವುಗಳಲ್ಲಿ ಆರನ್ನು ತೆಗೆದು ಹೊಸ ಕಾಲದ ಗಾಜು ಕೂರಿಸುವುದಾಗಿ ಅಧ್ಯಕ್ಷ ಮ್ಯಾಕ್ರಾನ್ 2023ರ ಡಿಸೆಂಬರಿನಲ್ಲಿ ಹೇಳಿದರು. ಪಾರಂಪರಿಕ ಕಟ್ಟಡಗಳ ಆಯೋಗ ಬೇಡ ಎಂದಿತು. ಒಂದು ವರ್ಷದ ನಂತರ, ಚರ್ಚ್ ಮತ್ತೆ ತೆರೆದ ತಿಂಗಳಲ್ಲೇ, ಆ ಕೆಲಸಕ್ಕೆ ಕಲಾವಿದೆ ಕ್ಲೇರ್ ತಾಬುರೇ ಆಯ್ಕೆಯಾದರು.

ಬರೀ ಆರು ಕಿಟಕಿ, ಅಲ್ವಾ? ಆದರೆ ನೋತ್ರದಾಮ್‌ನಂಥ ಗಾಥಿಕ್ ಚರ್ಚು, ಅಂದರೆ ಮಧ್ಯಯುಗದ ಯುರೋಪಿನ ಆ ಕಟ್ಟಡ ಶೈಲಿ, ಹುಟ್ಟಿದ್ದೇ ಕಿಟಕಿಯ ಬೆಳಕಿನ ಆಸೆಯಿಂದ.

ಪ್ಯಾರಿಸ್ ಪಕ್ಕದ ಸಾಂ ದೆನಿ ಮಠದ ಮುಖ್ಯಸ್ಥ ಸುಜೇ ಕಟ್ಟಿಸಿದ ಬಲಿಪೀಠದ ಭಾಗ 1144ರಲ್ಲಿ ಪ್ರತಿಷ್ಠೆಯಾಯಿತು. ಕಣ್ಣಿಗೆ ಕಾಣುವ ಹೊಳಪನ್ನು ಹಿಡಿದೇ ಮಂದ ಮನಸ್ಸು ಸತ್ಯದ ಕಡೆಗೆ ಏರುತ್ತದೆ ಎಂದು ಅವರು ನಂಬಿದ್ದರು. ಅದನ್ನು ಚರ್ಚಿನ ಬಾಗಿಲ ಮೇಲೇ ಬರೆಸಿದ್ದರು. ಅಲ್ಲಿಯವರೆಗೆ ಕಲ್ಲಿನ ಚಾವಣಿ ಹೊರಲು ದಪ್ಪ ಗೋಡೆ ಬೇಕಿತ್ತು, ಹಾಗಾಗಿ ಕಿಟಕಿ ಚಿಕ್ಕದು. ಚೂಪು ಕಮಾನುಗಳು ಭಾರವನ್ನು ಕಂಬಗಳಿಗೆ ಇಳಿಸಿದವು. ಮುಂದೆ ಹೊರಗಿನಿಂದ ಗೋಡೆಗೆ ಆನಿಕೆ ಕೊಡುವ ಅರ್ಧಕಮಾನುಗಳು ಬಂದವು. ಗೋಡೆಯ ಜಾಗಕ್ಕೆ ಗಾಜು ಬಂತು. ಚೂಪು ಕಮಾನು ಸ್ವರ್ಗವನ್ನು ತೋರಿಸುತ್ತದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಂಥ ಕಮಾನು ಇಸ್ಲಾಮಿಕ್ ಕಟ್ಟಡಗಳಲ್ಲಿ ಅದಕ್ಕೂ ಮೊದಲೇ ಇತ್ತು. ಗಾಥಿಕ್ ಮೇಸ್ತ್ರಿಗಳಿಗೆ ಅದು ಮೊದಲು ಭಾರ ಹೊರುವ ಉಪಾಯ.

1194ರ ಬೆಂಕಿಯ ನಂತರ ಮತ್ತೆ ಎದ್ದ, ಫ್ರಾನ್ಸಿನ ಶಾರ್ತ್ರ್ ಊರಿನ ಚರ್ಚಿನಲ್ಲಿ ಈ ಬೆಳಕು ಕಡುನೀಲಿಯಾಗಿ, ಕೆಂಪಾಗಿ ಒಳಗಿಳಿಯಿತು. ಗಾಜಿನ ಮೇಲೆ ಬೈಬಲ್ಲಿನ ಕಥೆಗಳಿದ್ದವು. 13ನೇ ಶತಮಾನದ ಕೊನೆಗೆ ಮಾಂದ್ ಊರಿನ ಬಿಷಪ್ ಗಿಯೋಮ್ ದ್ಯುರಾಂ ಚರ್ಚಿನ ಒಂದೊಂದು ಭಾಗಕ್ಕೂ ಅರ್ಥ ಬರೆದಿಟ್ಟರು. ಕಿಟಕಿ ಅಂದರೆ ಪವಿತ್ರ ಗ್ರಂಥ: ಗಾಳಿ ಮಳೆಯನ್ನು, ಅಂದರೆ ಕೇಡನ್ನು, ಹೊರಗೇ ತಡೆಯುತ್ತದೆ, ದೇವರೆಂಬ ಸೂರ್ಯನ ಬೆಳಕನ್ನು ಎದೆಯೊಳಗೆ ಬಿಡುತ್ತದೆ.

18ನೇ ಶತಮಾನದ ಹೊತ್ತಿಗೆ ಈ ಅರ್ಥ ಮಸುಕಾಗಿತ್ತು. ನೋತ್ರದಾಮ್‌ನ ಪಾದ್ರಿಗಳಿಗೆ ಒಳಗೆ ಕತ್ತಲೆ ಅನ್ನಿಸಿತು. ‘ಗುಲಾಬಿ ಕಿಟಕಿ’ ಎನ್ನುವ ಮೂರು ದೊಡ್ಡ ದುಂಡು ಕಿಟಕಿಗಳನ್ನು ಬಿಟ್ಟು ಮಧ್ಯಯುಗದ ಬಣ್ಣದ ಗಾಜನ್ನು ಹೆಚ್ಚುಕಡಿಮೆ ಎಲ್ಲವನ್ನೂ ತೆಗೆಸಿ ಬಿಳಿ ಗಾಜು ಹಾಕಿಸಿದರು. ಯಾರೂ ದಾಳಿ ಮಾಡಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ.

19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಚರ್ಚನ್ನು ದುರಸ್ತಿ ಮಾಡಿಸಿದರು. ಈಗ ಜಗಳಕ್ಕೆ ಬಿದ್ದಿರುವ ತಿಳಿಬಣ್ಣದ ಬಳ್ಳಿವಿನ್ಯಾಸದ ಗಾಜು ಆಗಿನದು. 1960ರ ದಶಕದಲ್ಲಿ ಮೇಲಿನ ಕಿಟಕಿಗಳಿಗೆ ಆಧುನಿಕ ಗಾಜೂ ಬಂತು.

ಪ್ರತಿ ಕಾಲವೂ ತನ್ನ ಗುರುತು ಬಿಟ್ಟಿದೆ, ನಾವೂ ಬಿಡೋಣ ಎಂಬುದು ಪರವಾಗಿರುವವರ ವಾದ. ತೆಗೆದ ಗಾಜನ್ನು ಮ್ಯೂಸಿಯಂನಲ್ಲಿ ಇಡುವ ಮಾತೂ ಇದೆ. ಒಡೆದುಹೋದ ಕಿಟಕಿಯಾಗಿದ್ದರೆ ನಾನೂ ಹೊಸ ಕಲೆಯನ್ನೇ ಕೇಳುತ್ತಿದ್ದೆ. ಬೆಂಕಿಯನ್ನೇ ತಡೆದುಕೊಂಡ ಗಾಜನ್ನು ಕೀಳುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.